ಕೇಳದೆ ತುಂಬಿದ ಮೂರು ತಿಂಗಳು

ನನ್ನ ಒಡಹುಟ್ಟಿದ ತಂಗಿಗೆ ಕೆಲಸ ಇದೆಯೋ ಇಲ್ಲವೋ ಎಂದು ತಿಂಗಳಿಗೊಮ್ಮೆ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಮೂರು ತಿಂಗಳು ನಾನು ಕೇಳಲಿಲ್ಲ. ಕೇಳದೆಯೇ ಟ್ಯಾಬಿನಲ್ಲಿ ‘ಮನೆಗೆಲಸ ಮಾತ್ರ’ ಎನ್ನುವ ಚೌಕವನ್ನು ಒತ್ತಿದೆ. ಅವಳೊಬ್ಬಳದಲ್ಲ, ಅವಳ ಬೀದಿಯ ಹನ್ನೆರಡು ಮನೆಯ ಹೆಂಗಸರದ್ದೂ ಹಾಗೆಯೇ ಒತ್ತಿದೆ. ಆ ತಪ್ಪನ್ನೂ, ಅದನ್ನು ತಿದ್ದಿದ ರೀತಿಯನ್ನೂ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿಗೆ ಇವತ್ತಿಗೂ ನಾಚಿಕೆ ಇದೆ. ತಿದ್ದಿದ್ದಕ್ಕೆ ಹೆಮ್ಮೆ ಇದೆ.

ನಾನು ಓದಿದ್ದು ಎಂಟನೇ ಕ್ಲಾಸು. ಬೆಂಗಳೂರು ಮತ್ತು ಅದರ ಸುತ್ತಲಿನ ಊರುಗಳಲ್ಲಿ ಯಾರಿಗೆ ಕೆಲಸ ಇದೆ, ಯಾರಿಗೆ ಹೋಯಿತು ಎಂದು ತಿಂಗಳು ತಿಂಗಳೂ ಲೆಕ್ಕ ಇಡುವ ಒಂದು ಸಂಸ್ಥೆಯ ಕೋಲಾರದ ಕಚೇರಿಗೆ ಜೀಪಿನ ಡ್ರೈವರಾಗಿ ಸೇರಿದ್ದೆ. ಸರ್ವೆಯವರು ಮನೆಗಳಿಗೆ ಹೋದಾಗ ಬಾಗಿಲಲ್ಲಿ ನಿಂತು ಮಾತಾಡಿಸುತ್ತಿದ್ದವನು ನಾನೇ. ಕನ್ನಡ, ತೆಲುಗು ಎರಡೂ ಮನೆಮಾತಿನಂತೆ ಬರುತ್ತಿದ್ದವು, ದಖನಿಯೂ ತಕ್ಕಮಟ್ಟಿಗೆ ಬರುತ್ತಿತ್ತು. ಸರ್ವೆಯ ಒಬ್ಬ ಹುಡುಗ ಕೆಲಸ ಬಿಟ್ಟು ಹೋದಾಗ ನಮ್ಮ ಮೇಲ್ವಿಚಾರಕಿ ಮೇಡಂ ಅವನ ಟ್ಯಾಬನ್ನು ನನ್ನ ಕೈಗೆ ಕೊಟ್ಟರು.

“ಮೇಡಂ, ನಾನು ಎಂಟನೇ ಕ್ಲಾಸು” ಎಂದೆ.

“ಗೊತ್ತು. ಆ ಡಿಗ್ರಿ ಹುಡುಗನ್ನ ಕಂಡ್ರೆ ಜನ ಬಾಗಿಲು ಹಾಕ್ಕೊತಿದ್ರು. ನಿನ್ನ ಕಂಡ್ರೆ ಚಾಪೆ ಹಾಸ್ತಾರೆ. ಓದೋಕೆ ನಾನಿದ್ದೀನಿ, ನೀನು ಕೇಳು ಸಾಕು.”

ಕೆಲಸದ ನಿಯಮಗಳು ಕೆಲವೇ. ಚೀಟಿ ಎತ್ತಿದಂತೆ ಕೆಲವು ಬೀದಿಗಳನ್ನು ಆರಿಸಿ, ಅದೇ ಮನೆಗಳಿಗೆ ಪ್ರತಿ ತಿಂಗಳೂ ಹೋಗಬೇಕು. ಹಿಂದಿನ ಏಳು ದಿನದ ಬಗ್ಗೆ ಮಾತ್ರ ಕೇಳಬೇಕು. ಆ ಏಳು ದಿನದಲ್ಲಿ ಒಂದು ಗಂಟೆ ದುಡಿದಿದ್ದರೂ ಅದು ಕೆಲಸವೇ. ಆದಷ್ಟೂ ಆಯಾ ಮನುಷ್ಯರನ್ನೇ ಕೇಳಬೇಕು, ಅವರ ಪರವಾಗಿ ಇನ್ನೊಬ್ಬರನ್ನಲ್ಲ. ಕೊನೆಯದು: ನೆಂಟರ ಮನೆ ಪಟ್ಟಿಯಲ್ಲಿ ಬಂದರೆ ಕಚೇರಿಗೆ ತಿಳಿಸಬೇಕು, ಅಲ್ಲಿಗೆ ಬೇರೆಯವರು ಹೋಗುತ್ತಾರೆ.

ನಾನು ಈ ಕೆಲಸವನ್ನು ಚೆನ್ನಾಗಿಯೇ ಕಲಿತೆ. ಮಾಲೂರಿನಲ್ಲಿ ಕಾರ್ಖಾನೆಯವರು ಬಾಡಿಗೆಗೆ ಇರುವ ಒಂದು ಓಣಿ ನನ್ನ ಪಾಲಿಗೆ ಬಂದಿತ್ತು. ಹಗಲು ಹೋದರೆ ಬೀಗ, ಸಂಜೆ ಹೋದರೆ ನಿದ್ದೆ. ಪಾಳಿ ಬದಲಾಗುವ ಹೊತ್ತು ನೋಡಿಕೊಂಡು, ಕಂಪನಿ ಬಸ್ಸು ನಿಲ್ಲುವ ಕಡೆ ಕಾದು, ಇಳಿದವರ ಜೊತೆಯಲ್ಲೇ ನಡೆಯುತ್ತಾ ಕೇಳಿಕೊಳ್ಳುತ್ತಿದ್ದೆ. ಒಂದು ತಿಂಗಳು ಬೆಳಿಗ್ಗೆ ಹತ್ತು ಗಂಟೆಗೆ ಆ ಓಣಿಯ ಬಾಗಿಲುಗಳ ಮುಂದೆ ಎಂದಿಗಿಂತ ಹೆಚ್ಚು ಚಪ್ಪಲಿ ಕಂಡವು. ಒಬ್ಬ ಗುತ್ತಿಗೆದಾರ ಒಂದು ತಂಡವನ್ನೇ ಕೆಲಸದಿಂದ ನಿಲ್ಲಿಸಿದ್ದ. ಕೆಲಸ ಹೋದವರು ನಾಚಿಕೆಗೆ ಬಾಯಿ ಬಿಡುತ್ತಿರಲಿಲ್ಲ. ನಾನು ಮೂರು ಸಲ ಹೋಗಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ ಬರೆದೆ. ಆ ತಿಂಗಳ ವರದಿಯಲ್ಲಿ ಮಾಲೂರಿನ ಅಂಕಿ ಇಳಿದದ್ದನ್ನು ಮೇಡಂ ಎಲ್ಲರಿಗೂ ತೋರಿಸಿ, “ಇದನ್ನ ಹಿಡಿದಿದ್ದು ನಮ್ಮ ಡ್ರೈವರು” ಎಂದರು. ಹೋಳೂರಿನ ನಮ್ಮ ಮನೆಗೆ ಬಂದು ಈ ಮಾತನ್ನು ಅಮ್ಮನಿಗೆ ಎರಡೆರಡು ಸಲ ಹೇಳಿದೆ.

ವರ್ಷದ ಮೊದಲ ತಿಂಗಳು ಹೊಸ ಪಟ್ಟಿ ಬಂತು. ಶ್ರೀನಿವಾಸಪುರ ತಾಲ್ಲೂಕು, ರಾಯಲ್ಪಾಡು ದಾಟಿ ಗಡಿಯ ಕಡೆಗಿರುವ ಒಂದು ಹಳ್ಳಿ, ಒಂದು ಬೀದಿ, ಹನ್ನೆರಡು ಮನೆ. ಏಳನೆಯ ಮನೆಯ ಯಜಮಾನನ ಹೆಸರು ನನ್ನ ತಂಗಿಯ ಗಂಡನದು.

ಕಚೇರಿಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ತಿಳಿಸಿದರೆ ಮೇಡಂ ಏನಾದರೂ ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ ಎನ್ನುವ ಅಳುಕು. ಹೇಳಬೇಕಾದ ಸಂಗತಿ ಇದು. ಮದುವೆಗೆ ಮುಂಚೆ ನನ್ನ ತಂಗಿಗೆ ಮಾಲೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅವಳು ಹತ್ತನೇ ಕ್ಲಾಸು ಪಾಸಾದವಳು, ನನಗಿಂತ ಹೆಚ್ಚು ಓದಿದವಳು. ಮೊದಲ ದಿನ ಕಂಪನಿಯ ವ್ಯಾನು ಹೋಳೂರಿನ ರಸ್ತೆಗೆ ಬಂದು ನಿಂತಾಗ ಅವಳು ಮನೆಯಲ್ಲಿ ಜಡೆ ಹೆಣೆದುಕೊಳ್ಳುತ್ತಿದ್ದಳು. ನಾನು ರಸ್ತೆಗೆ ಹೋಗಿ, “ಅವಳು ಬರಲ್ಲ, ನೀವು ಹೊರಡಿ” ಎಂದು ಡ್ರೈವರಿಗೆ ಹೇಳಿ ಕಳಿಸಿದೆ. ವ್ಯಾನಲ್ಲಿ ಹೋಗಿ ಬರುವ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ಯಾರೋ ಆಡಿದ ಮಾತು ನನ್ನ ತಲೆಯಲ್ಲಿ ಕೂತಿತ್ತು. ಅವಳು ಜಗಳ ಆಡಲಿಲ್ಲ. ಹೆಣೆದ ಜಡೆ ಬಿಚ್ಚಿ ಹಟ್ಟಿ ಗುಡಿಸಲು ಹೋದಳು. ಅಂಥವಳ ಮುಂದೆ ಟ್ಯಾಬು ಹಿಡಿದು ನಿಂತು, “ಹೋದ ವಾರ ಏನಾದರೂ ಕೆಲಸ ಮಾಡಿದ್ಯಾ?” ಎಂದು ಯಾವ ಮುಖದಲ್ಲಿ ಕೇಳಲಿ?

ಆ ಹಳ್ಳಿಯ ಕೆರೆ ಕಟ್ಟೆಯ ಹತ್ತಿರ ಒಂದು ಟೀ ಅಂಗಡಿ ಇದೆ. ನಾವು ಎಲ್ಲಿ ಕೂತು ಫಾರಂ ತುಂಬುತ್ತೇವೆ ಎಂದು ಟ್ಯಾಬು ತಾನೇ ಗುರುತು ಹಾಕಿಕೊಳ್ಳುತ್ತದೆ. ಟೀ ಅಂಗಡಿ ಆ ಹಳ್ಳಿಯ ಗುರುತಿನ ಒಳಗೇ ಬೀಳುತ್ತಿತ್ತು. ಒಂದು ಮನೆಗೆ ಎಷ್ಟು ಹೊತ್ತು ಹಿಡಿಯಿತು ಎನ್ನುವುದನ್ನೂ ಅದು ಬರೆದುಕೊಳ್ಳುತ್ತದೆ. ಅದಕ್ಕೂ ಉಪಾಯ ಮಾಡಿದೆ. ಒಂದು ಮನೆಯ ಫಾರಂ ತೆರೆದು ಬೆಂಚಿನ ಮೇಲಿಟ್ಟು ಹತ್ತು ನಿಮಿಷ ಸುಮ್ಮನಿರುವುದು, ಆಮೇಲೆ ಒತ್ತಿ ಮುಚ್ಚುವುದು. ಗಂಡಸರ ವಿಷಯ ಟೀ ಕುಡಿಯಲು ಬಂದವರಿಂದ ಸಿಗುತ್ತಿತ್ತು. ಹೆಂಗಸರ ಬಗ್ಗೆ ಯಾರನ್ನು ಕೇಳಿದರೂ ಒಂದೇ ಉತ್ತರ: “ಇಂಟ್ಲೋನೇ ಉಂಟಾರು.” ಮನೆಯಲ್ಲೇ ಇರುತ್ತಾರೆ. ನನಗೂ ಅಷ್ಟೇ ಬೇಕಿತ್ತು. ನನ್ನ ತಂಗಿ ಕಷ್ಟಪಡುತ್ತಿಲ್ಲ, ಮನೆಯಲ್ಲಿ ಮಗು ಆಡಿಸಿಕೊಂಡು ಇದ್ದಾಳೆ ಎಂದುಕೊಂಡರೆ ವ್ಯಾನು ಕಳಿಸಿದ್ದು ಅಂಥ ದೊಡ್ಡ ತಪ್ಪಲ್ಲ ಎನಿಸುತ್ತಿತ್ತು. ಮೇಡಂ ಕೆಲವು ಮನೆಗಳಿಗೆ ಫೋನು ಮಾಡಿ ತಾಳೆ ನೋಡುತ್ತಾರೆ. ಆ ಬೀದಿಯಲ್ಲಿ ಫೋನು ಇರುವುದು ಗಂಡಸರ ಜೇಬಿನಲ್ಲಿ. ಅವರೂ ಅದೇ ಉತ್ತರ ಕೊಟ್ಟರು. ನನ್ನ ಸುಳ್ಳು ತಾಳೆಯಾಯಿತು.

ಮೂರನೆಯ ತಿಂಗಳ ಕೊನೆಯಲ್ಲಿ ಅಲ್ಲಿನ ಪಂಚಾಯಿತಿಯವರು ನಮ್ಮ ಕಚೇರಿಗೆ ಬಂದರು. ಅಂಗನವಾಡಿಗೆ ಸೇರಿಸಲಾಗದಷ್ಟು ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳುವ ಒಂದು ಕೇಂದ್ರ ತೆರೆಯಬೇಕು, ದುಡಿಯುವ ತಾಯಂದಿರು ಯಾವ ಊರಲ್ಲಿ ಹೆಚ್ಚು ಎಂದು ಕೇಳಿದರು. ಮೇಡಂ ಹೆಸರುಗಳಿಲ್ಲದ ಬರಿಯ ಅಂಕಿಗಳ ಹಾಳೆ ಕೊಟ್ಟರು. ತಂಗಿಯ ಊರಿನ ಮುಂದೆ ಸೊನ್ನೆ ಇತ್ತು. ಆ ಹಾಳೆಯನ್ನು ಪಂಚಾಯಿತಿಗೆ ತಲುಪಿಸಿದ್ದೂ ನಾನೇ. ಸೊನ್ನೆ ನೋಡಿದೆ, ಏನೂ ಅನಿಸಲಿಲ್ಲ.

ಅದರ ಮುಂದಿನ ವಾರವೇ ಲಕ್ಕೂರಿನಲ್ಲಿ ಒಂದು ಮನೆಯ ಜಗಲಿಯಲ್ಲಿ ಕೂತಿದ್ದಾಗ ತಂಗಿಯ ಗಂಡನ ಫೋನು ಬಂತು. “ಬಾವಾ, ಪಾಪುನ ಶ್ರೀನಿವಾಸಪುರ ಆಸ್ಪತ್ರೆಗೆ ತಂದಿದ್ದೀವಿ. ಮೂಗಲ್ಲಿ ಏನೋ ಸಿಕ್ಕೊಂಡೈತೆ, ಉಸಿರಾಡ್ತಾ ಇಲ್ಲ ಸರಿಯಾಗಿ.” ನಾನು ಮುಟ್ಟುವಷ್ಟರಲ್ಲಿ ನರ್ಸು ಅದನ್ನು ತೆಗೆದಾಗಿತ್ತು. ಒಂದು ಹುಣಸೆ ಬೀಜ. “ಸದ್ಯ, ಒಳಕ್ಕೆಳ್ಕೊಂಡಿಲ್ಲ. ಎಳ್ಕೊಂಡಿದ್ರೆ ಬೆಂಗ್ಳೂರಿಗೆ ಓಡ್ಬೇಕಾಗ್ತಿತ್ತು” ಎಂದು ನರ್ಸು ಬೈದರು. ಒಂದೂವರೆ ವರ್ಷದ ಮಗು ಅತ್ತು ಸುಸ್ತಾಗಿ ತಂಗಿಯ ಹೆಗಲ ಮೇಲೆ ಮಲಗಿತ್ತು. ಮಗುವಿನ ಬೆನ್ನ ಮೇಲಿದ್ದ ಅವಳ ಕೈಯನ್ನು ನೋಡಿದೆ. ಹೆಬ್ಬೆರಳು, ತೋರುಬೆರಳು ಕಪ್ಪಾಗಿ, ಉಗುರಿನ ಬುಡ ಸೀಳಿ ಬಿಳಿಚಿಕೊಂಡಿತ್ತು.

“ಎಷ್ಟು ದಿನದಿಂದ ಹುಣಸೆಹಣ್ಣು ಬಿಡಿಸ್ತಿದ್ದೀಯ?”

“ಸಂಕ್ರಾಂತಿ ಆದ್ಮೇಲಿಂದ. ನಮ್ ಬೀದೀಲಿ ಬಿಡಿಸ್ದೇ ಇರೋರು ಯಾರಿದ್ದಾರೆ?”

“ದಿನಾನಾ?”

“ಮಂಡಿಯಿಂದ ಟೆಂಪೋ ದಿನಾ ಬತ್ತದೆ. ಬೆಳಿಗ್ಗೆ ಮೂಟೆ ಇಳಿಸ್ತಾನೆ, ಸಾಯಂಕಾಲ ತೂಕ ಹಾಕ್ಕೊಂಡು ಹೋಗ್ತಾನೆ. ಇದೇನಣ್ಣ, ಆಸ್ಪತ್ರೇಲಿ ನನ್ನ ಸರ್ವೆ ಮಾಡ್ತಿದ್ದೀಯಾ?”

ಅವಳೇ ಮುಂದುವರಿಸಿದಳು. “ಇವಳ ಕಾಲಿಗೆ ಹಳೇ ಸೀರೆ ಕಟ್ಟಿ ಕೂರಿಸ್ತೀನಿ, ಆದ್ರೂ ಬೀಜದ ಗುಡ್ಡೆಗೆ ಕೈ ಹಾಕ್ತಾಳೆ. ಮಕ್ಕಳ ಕೇಂದ್ರ ಬತ್ತದೆ ಅಂತ ಆಸೆಯಿಂದ ಇದ್ವಿ. ಪಕ್ಕದೂರಿಗೆ ಹೋಯ್ತಂತೆ. ನಮ್ಮೂರಲ್ಲಿ ದುಡಿಯೋ ಹೆಂಗಸ್ರೇ ಇಲ್ಲ ಅಂತ ಯಾವನೋ ಬರ್ಕೊಟ್ಟಿದ್ದಾನೆ. ಅವನ ಕೈ ಬಿದ್ದೋಗ!”

ಆ ಕೈಯಲ್ಲೇ ನಾನು ಮಗುವಿನ ಔಷಧಿ ಚೀಟಿ ಹಿಡಿದಿದ್ದೆ. ಹೇಳುವ ಧೈರ್ಯ ಬರಲಿಲ್ಲ. ಔಷಧಿ ತಂದುಕೊಟ್ಟು, ಅವರನ್ನು ಬಸ್ಸಿಗೆ ಹತ್ತಿಸಿ, ಜೀಪಿನಲ್ಲಿ ಬಂದು ಕೂತೆ. ಕೇಂದ್ರ ಎಲ್ಲಿ ಎಂದು ಪಂಚಾಯಿತಿಯಲ್ಲಿ ಇನ್ನೂ ಗೊತ್ತುವಳಿ ಆಗಿರಲಿಲ್ಲ, ಶುಕ್ರವಾರ ಸಭೆ ಇತ್ತು. ನಡುವೆ ಮೂರೇ ದಿನ. ಟ್ಯಾಬು ಪಕ್ಕದ ಸೀಟಿನಲ್ಲಿತ್ತು. ನಾಲ್ಕನೆಯ ತಿಂಗಳು ಆಗಷ್ಟೇ ಶುರುವಾಗಿತ್ತು, ಆ ತಿಂಗಳ ಫಾರಂ ಇನ್ನೂ ತುಂಬಿರಲಿಲ್ಲ. ಅಲ್ಲೇ ಕೂತು ಹನ್ನೆರಡು ಮನೆಯ ಹೆಂಗಸರಿಗೂ ‘ಕೆಲಸ ಇದೆ’ ಎಂದು ಒತ್ತಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ನಿಜವೂ ಆಗಿತ್ತು. ಊಹೆಯ ಮಾತಲ್ಲ, ತಂಗಿಯೇ ಹೇಳಿದ್ದಳು. ಬೆರಳು ಚೌಕದವರೆಗೂ ಹೋಯಿತು. ಆದರೆ ಇದನ್ನೂ ನಾನು ಕೇಳದೆಯೇ ಒತ್ತುತ್ತಿದ್ದೆ. ಮೊದಲು ಅವರಿಗೆ ಕೆಲಸ ಇಲ್ಲ ಎಂದು ನಾನೇ ತೀರ್ಮಾನ ಮಾಡಿದ್ದೆ, ಈಗ ಇದೆ ಎಂದೂ ನಾನೇ ತೀರ್ಮಾನ ಮಾಡುತ್ತಿದ್ದೆ. ಟ್ಯಾಬು ಮುಚ್ಚಿ ಕೋಲಾರಕ್ಕೆ ಹೊರಟೆ.

ಮೇಡಂ ಎದುರು ಎಲ್ಲವನ್ನೂ ಹೇಳಿದೆ. ಟೀ ಅಂಗಡಿ, ಹತ್ತು ನಿಮಿಷದ ಉಪಾಯ, ವ್ಯಾನು ಕಳಿಸಿದ್ದು, ಬೀಜ. ಮುಗಿದ ಮೇಲೆ ಅವರು ಒಂದು ಬಿಳಿ ಹಾಳೆ ಕೊಟ್ಟರು. “ಇದನ್ನೇ ಬರಿ. ನಿನ್ನ ಕೈಯಲ್ಲೇ. ‘ನಾನು ಕೇಳಲಿಲ್ಲ’ ಅಂತ ಬರೆದು ಸೈನ್ ಹಾಕು.” ಬರೆಯುವಾಗ ಕಣ್ಣಲ್ಲಿ ನೀರು ಬಂತು.

“ಅಳೋದು ಆಮೇಲೆ” ಎಂದರು. “ನಿನ್ನ ಮೂರು ತಿಂಗಳು ಆ ಬೀದಿಗೆ ರದ್ದು. ನಾಳೆ ಬೆಳಿಗ್ಗೆ ಆಪಾ ಹೋಗ್ತಾರೆ, ನೀನು ಗಾಡಿ ಓಡ್ಸು. ಟ್ಯಾಬು ಮುಟ್ಟಬೇಡ. ಕೆಲಸ ಉಳಿಯುತ್ತೋ ಇಲ್ವೋ ನಾನು ಮೇಲಿನೋರಿಗೆ ಬರೆದ್ಮೇಲೆ ಗೊತ್ತಾಗುತ್ತೆ.”

ಆಪಾ ಎಂದರೆ ಮುಳಬಾಗಿಲಿನ ಗಣತಿದಾರರು. ಐವತ್ತರ ಹತ್ತಿರದ ಹೆಂಗಸು, ಇಡೀ ಕಚೇರಿ ಅವರನ್ನು ಆಪಾ ಎಂದೇ ಕರೆಯುತ್ತದೆ. ಮಾರನೆಯ ದಿನ ಟೆಂಪೋ ಮೂಟೆ ಇಳಿಸಿ ಹೋದ ಹೊತ್ತಿಗೆ ನಾವು ಆ ಬೀದಿಯಲ್ಲಿದ್ದೆವು. ಬೇವಿನ ಮರದ ಕೆಳಗೆ ಹೆಂಗಸರು ಸುತ್ತ ಕೂತಿದ್ದರು. ಓಡು ಒಡೆದು, ನಾರು ಎಳೆದು, ಹಣ್ಣನ್ನು ಕಲ್ಲಿನ ಮೇಲಿಟ್ಟು ಸಣ್ಣ ಕಬ್ಬಿಣದ ತುಂಡಿನಿಂದ ತಟ್ಟಿ ಬೀಜ ಹಾರಿಸುವುದು. ಓಡಿನ ಧೂಳು, ಹುಳಿ ವಾಸನೆ, ತಟತಟ ಸದ್ದು. ನನ್ನ ತಂಗಿ ನನ್ನನ್ನು ನೋಡಿ ಹುಬ್ಬು ಏರಿಸಿದಳು.

ಆಪಾ ಫಾರಂನಲ್ಲಿದ್ದಂತೆ ಕೇಳಿದರು. ಹೋದ ವಾರ ಕೆಲಸ ಮಾಡಿದ್ದೀರಾ? ಮೊದಲ ಮನೆಯಾಕೆ ಹಣ್ಣು ತಟ್ಟುತ್ತಲೇ, “ಮಾಕೇಂ ಪನಮ್ಮಾ, ಇಂಟ್ಲೋನೇ ಉಂಟಾಮು” ಎಂದಳು. ನಮಗೇನು ಕೆಲಸ, ಮನೆಯಲ್ಲೇ ಇರುತ್ತೇವೆ. ಎರಡನೆಯವಳೂ ಹಾಗೆಯೇ ಹೇಳಿದಳು. ಮೂರನೆಯವಳೂ ಅಷ್ಟೇ. ಆಪಾ ನನ್ನ ಕಡೆ ನೋಡಿದರು. ನಾನು ಕೇಳಿದ್ದರೂ ಸೊನ್ನೆಯೇ ಬರುತ್ತಿತ್ತೇನೋ ಎನಿಸಿತು. ಹಾಗೆ ಅಂದುಕೊಂಡು ಒಂದು ಕ್ಷಣ ಸಮಾಧಾನವೂ ಆಯಿತು, ಅದನ್ನೂ ಇಲ್ಲಿ ಬರೆಯಲೇಬೇಕು.

ಆಪಾ ಟ್ಯಾಬನ್ನು ಚೀಲಕ್ಕೆ ಹಾಕಿ, ಸೆರಗು ಸಿಕ್ಕಿಸಿ, ಅವರ ನಡುವೆ ಕೂತು ಹಣ್ಣು ಬಿಡಿಸತೊಡಗಿದರು. ಒಬ್ಬ ಮುದುಕಿ ನಕ್ಕಿತು. “ನಿನ್ನ ಸ್ಪೀಡಿಗೆ ಈ ಮೂಟೆ ಬರೋ ವರ್ಷದ ಯುಗಾದಿಗೆ ಮುಗೀತದೆ ಕಣಮ್ಮ!” ಎಲ್ಲರೂ ನಕ್ಕರು. ಆಪಾ ಬಿಡಿಸುತ್ತಲೇ, “ನೀವು ನೆನ್ನೆ ಎಷ್ಟು ಮೂಟೆ ಮುಗಿಸಿದ್ರಿ ಅಜ್ಜಿ?” ಎಂದರು. ಮುದುಕಿ ಹೇಳಿತು. ಎಷ್ಟು ಹೊತ್ತಿಗೆ ಕೂತಿರಿ, ಊಟಕ್ಕೆ ಯಾವಾಗ ಎದ್ದಿರಿ, ಮತ್ತೆ ಯಾವಾಗ ಕೂತಿರಿ, ಮೊನ್ನೆ? ಅದರ ಹಿಂದಿನ ದಿನ? ಒಬ್ಬೊಬ್ಬರದೂ ದಿನ ದಿನವಾಗಿ ಬಂತು. ಹುಣಸೆಯ ಕಾಲವಿಡೀ ಅವರು ಭಾನುವಾರವೂ ಬಿಡುವು ಮಾಡಿರಲಿಲ್ಲ. ಆಗ ಆಪಾ ಟ್ಯಾಬು ತೆಗೆದು, “ಇದಕ್ಕೇ ಕೆಲಸ ಅನ್ನೋದು. ಬರ್ಕೊಳ್ಳಾ?” ಎಂದು ಕೇಳಿದರು.

ಅಷ್ಟರಲ್ಲಿ ಮಾವಿನ ತೋಟಕ್ಕೆ ಔಷಧಿ ಹೊಡೆಯಲು ಹೊರಟಿದ್ದ ನನ್ನ ತಂಗಿಯ ಗಂಡ ಪಂಪು ಕೆಳಗಿಟ್ಟು ಬಂದ. “ಬಾವಾ, ಇದೆಲ್ಲ ಬರ್ಕೊಂಡು ಹೋದ್ರೆ ರೇಷನ್ ಕಾರ್ಡು ಹೋಗ್ತದೆ. ಕೆಲ್ಸ ಇರೋರ ಮನೆಗೆ ಅಕ್ಕಿ ಯಾಕೆ ಅಂತಾರೆ. ನಮ್ಮ ಹೆಂಗಸ್ರು ಕೂಲಿಯೋರಲ್ಲ, ಬರ್ಕೋಬೇಡಿ.” ಸುತ್ತ ನಾಲ್ಕೈದು ತಲೆ ಅಲ್ಲಾಡಿದವು. ಆಪಾ ಹೇಳಿದರು, ಹೆಸರು ಎಲ್ಲಿಗೂ ಹೋಗುವುದಿಲ್ಲ, ರೇಷನ್‌ಗೂ ಇದಕ್ಕೂ ಸಂಬಂಧವಿಲ್ಲ ಎಂದು. ಅವರು ಹೊರಗಿನವರು, ಯಾರೂ ನಂಬಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ನಾನು ಆ ಬೀದಿಯ ಸೊಸೆಯ ಅಣ್ಣ.

ನಾನು ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. “ಹೆಸರು ಹೋಗಲ್ಲ ಅನ್ನೋದು ನಿಜ. ಇನ್ನೊಂದು ನಿಜ ಇದೆ. ಈ ಊರಲ್ಲಿ ದುಡಿಯೋ ಹೆಂಗಸ್ರಿಲ್ಲ ಅಂತ ಬರ್ಕೊಟ್ಟೋನು ನಾನೇ. ಮೂರು ತಿಂಗಳು ಟೀ ಅಂಗಡೀಲಿ ಕೂತು ಬರೆದೆ. ನಿನ್ನ ಮುಖ ನೋಡೋಕಾಗ್ದೆ.”

ಅವಳ ಕೈ ನಿಂತಿತು. ಮಗು ಅವಳ ತೊಡೆಗೆ ಒರಗಿ ಕೂತಿತ್ತು, ಕಾಲಿಗೆ ಕಟ್ಟಿದ ಸೀರೆ ತುಂಡು ಮರದ ಬೇರಿಗೆ ಸುತ್ತಿತ್ತು. ಬೈಯುತ್ತಾಳೆ ಎಂದುಕೊಂಡೆ.

“ನಿನ್ನ ಜೀಪು ಅಲ್ಲಿ ನಿಂತಿದ್ದು ನೋಡಿದ್ದೀನಿ” ಎಂದಳು. “ಮೂರು ಸಲಾನೂ. ಬತ್ತೀಯ ಅಂತ ಎಸರಿಗಿಟ್ಟಿದ್ದೆ. ಬರ್ಲಿಲ್ಲ.” ಆಮೇಲೆ ಗಂಡನ ಕಡೆ ತಿರುಗಿದಳು. “ಅಕ್ಕಿ ಹೋಗ್ತದೆ ಅಂತೀಯಲ್ಲ, ನೆನ್ನೆ ಮಗು ಹೋಗ್ತಿತ್ತು. ಸುಮ್ಕಿರು ನೀನು.” ಕಪ್ಪಾದ ಎರಡು ಕೈಗಳನ್ನೂ ಆಪಾ ಮುಂದೆ ಚಾಚಿದಳು. “ಬರ್ಕೊಳ್ಳಿ ಆಪಾ. ಏಳು ದಿನವೂ ಮಾಡಿದ್ದೀನಿ. ಬೆಳಿಗ್ಗೆ ಏಳರಿಂದ ಬರ್ಕೊಳ್ಳಿ. ನನ್ನಣ್ಣನ ಕೈಗೆ ಮಾತ್ರ ಕೊಡ್ಬೇಡಿ.”

ಮುದುಕಿ ಮೊದಲು ನಕ್ಕಿತು. “ನಂದೂ ಬರ್ಕೋ” ಎಂದಿತು. ಆಮೇಲೆ ಬೀದಿಯೆಲ್ಲ ಬರೆಸಿತು. ಹನ್ನೆರಡರಲ್ಲಿ ಹನ್ನೊಂದು ಮನೆ. ಒಂದು ಮನೆಯಾಕೆ ಬಾಣಂತಿ, ನಿಜಕ್ಕೂ ಆ ವಾರ ಕೆಲಸ ಮಾಡಿರಲಿಲ್ಲ. ಜೀಪಿನಲ್ಲಿ ಕೂತು ನಾನೇ ಒತ್ತಿದ್ದರೆ ಅವಳಿಗೂ ‘ಇದೆ’ ಎಂದೇ ಒತ್ತಿರುತ್ತಿದ್ದೆ.

ಗುರುವಾರ ಮೇಡಂ ಹೊಸ ಹಾಳೆ ಮಾಡಿದರು. ಶುಕ್ರವಾರ ಪಂಚಾಯಿತಿ ಸಭೆಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಕಿ ಒಂದು ವಾರದಲ್ಲಿ ಹೇಗೆ ಬದಲಾಯಿತು ಎಂದು ಅಲ್ಲಿನವರು ಕೇಳಿದಾಗ ಅವರು ಉತ್ತರ ಕೊಡಲಿಲ್ಲ, ನನ್ನ ಕಡೆ ಕೈ ತೋರಿಸಿದರು. ಎದ್ದು ನಿಂತು ಹೇಳಿದೆ. ಕೆಲವರು ನಕ್ಕರು, ಒಬ್ಬರು ಬೈದರು. ಕೊನೆಗೆ ಎರಡೂ ಊರಿನ ನಡುವೆ ಖಾಲಿ ಬಿದ್ದಿದ್ದ ಹಾಲಿನ ಡೇರಿಯ ಹಳೆಯ ಕೋಣೆಯಲ್ಲಿ ಕೇಂದ್ರ ತೆರೆಯುವುದು, ಎರಡೂ ಊರಿನ ಮಕ್ಕಳನ್ನು ಸೇರಿಸಿಕೊಳ್ಳುವುದು ಎಂದಾಯಿತು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಎರಡು ತಿಂಗಳು ಬರಿಯ ಡ್ರೈವರಾಗಿದ್ದೆ, ಆಮೇಲೆ ಟ್ಯಾಬು ಮತ್ತೆ ಕೈಗೆ ಬಂತು. ಆ ಬೀದಿ ಮಾತ್ರ ಖಾಯಂ ಆಪಾಗೆ. ತಿಂಗಳ ವರದಿಯಲ್ಲಿ ಆ ಬೀದಿಯ ಸಾಲಿನ ಕೆಳಗೆ ಮೇಡಂ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಹಾಕಿದರು: ‘ಈ ತಿಂಗಳು ಉದ್ಯೋಗ ಹೆಚ್ಚಿಲ್ಲ. ಹಿಂದಿನ ಮೂರು ತಿಂಗಳು ಗಣತಿದಾರ ಕೇಳಿರಲಿಲ್ಲ.’ ನನ್ನ ಬಗ್ಗೆ ಅಚ್ಚಾದ ಮೊದಲ ಮಾತು ಅದು. ನಾಚಿಕೆಯ ಮಾತೇ, ಆದರೆ ಆ ವರದಿಯ ಒಂದು ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಹಾಳೆಯಲ್ಲಿ ಸುಳ್ಳು ಎಲ್ಲಿತ್ತು ಎಂದು ಹಾಳೆಯೇ ಹೇಳುವಂತಾಯಿತಲ್ಲ, ಅದರಲ್ಲಿ ನನ್ನ ಪಾಲೂ ಇದೆ. ಈಗ ಹೊಸಬರು ಸೇರಿದಾಗ, ಹೆಂಗಸರನ್ನು ನೆನ್ನೆಯಿಂದ ಹಿಂದಕ್ಕೆ ದಿನ ದಿನವಾಗಿ ಕೇಳುವುದನ್ನು ಆಪಾ ಕಲಿಸುತ್ತಾರೆ. ಅದಕ್ಕೂ ಮುಂಚೆ ಟೀ ಅಂಗಡಿಯ ಕಥೆಯನ್ನು ನಾನು ಹೇಳಬೇಕು. ಹೇಳುತ್ತೇನೆ, ಏನನ್ನೂ ಬಿಡದೆ.

ಕೇಂದ್ರ ತೆರೆದ ದಿನ ಜೀಪು ನಿಲ್ಲಿಸಿ ಹೊರಗೆ ನಿಂತಿದ್ದೆ. ಗೋಡೆಗೆ ಹೊಸ ಸುಣ್ಣ, ನೆಲಕ್ಕೆ ಚಾಪೆ. ಬಾಗಿಲಲ್ಲಿ ಆಯಾ ದಪ್ಪ ಪುಸ್ತಕ ಇಟ್ಟುಕೊಂಡು ಒಂದೊಂದೇ ಮಗುವಿನ ವಿವರ ಬರೆದುಕೊಳ್ಳುತ್ತಿದ್ದರು. ತಂಗಿಯ ಸರದಿ ಬಂತು. ಮಗುವಿನ ಹೆಸರು, ವಯಸ್ಸು ಹೇಳಿದಳು.

“ತಾಯಿ ಏನು ಮಾಡ್ತಾರೆ?”

“ಹುಣಸೆ ಬಿಡಿಸೋದು ನೆನ್ನೆಗೆ ಮುಗೀತು” ಎಂದಳು. “ನಾಳೆಯಿಂದ ಶ್ರೀನಿವಾಸಪುರದ ಮಾವಿನ ಮಂಡೀಲಿ. ಕಾಯಿ ವಿಂಗಡಿಸೋ ಕೆಲ್ಸ. ಎಂಟು ಗಂಟೆ ಬಸ್ಸಿಗೆ ಹೋಗ್ತೀನಿ, ಅಷ್ಟರಲ್ಲಿ ಬಾಗಿಲು ತೆಗೀತೀರಾ?”

ಆಯಾ ಹೂಂ ಎಂದು ಬರೆದುಕೊಂಡರು. ತಂಗಿ ಮಗುವನ್ನು ಚಾಪೆಯ ಮೇಲೆ ಬಿಟ್ಟಳು. ಅದು ಹಿಂತಿರುಗಿಯೂ ನೋಡದೆ ಬಣ್ಣದ ಡಬ್ಬಿಗಳ ಕಡೆ ನಡೆದುಹೋಯಿತು. ಹೊರಗೆ ಬಂದವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇದೇನ್ ಇಲ್ಲಿ ಕಂಬದ ಥರ ನಿಂತಿದ್ದೀಯಲ್ಲಣ್ಣ, ನಿಂಗೇನ್ ಕೆಲ್ಸ ಇಲ್ವಾ?”

“ಇದೆ” ಎಂದೆ. ಲಕ್ಕೂರಿನಲ್ಲಿ ಒಂಬತ್ತು ಮನೆ ಬಾಕಿ ಇದ್ದವು. ಜೀಪು ಹತ್ತಿದೆ.